ಮಿರ್ಚಿ ಗಾಡಿ, ಹಾಟ್ ಡಾಗ್ ಗಾಡಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಬೀದಿಬದಿಯ ತಿಂಡಿ ಗಾಡಿಗಳ ಕುರಿತು ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಲ ಆರಿಸಿಕೊಂಡಿದ್ದೇನೆ. ನಾನು ಮತ್ತು ನನ್ನ ಪತಿ ಹದಿನಾಲ್ಕು ವರ್ಷ ಇಂಥದೇ ಗಾಡಿ ನಡೆಸಿದವರು. ಆದುದರಿಂದ ಇಲ್ಲಿ ಬರೆದಿರುವುದರಲ್ಲಿ ಕಾಯ್ದೆಯ ಮಾತು ಎಷ್ಟಿದೆಯೋ ಬಾಣಲೆಯ ಮುಂದೆ ನಿಂತು ಕಲಿತ ಮಾತೂ ಅಷ್ಟೇ ಇದೆ.

ಪ್ರಶ್ನೆ: ನನ್ನ ಪತಿಗೆ ಇದ್ದ ಕೆಲಸ ಹೋಗಿದೆ. ನಮ್ಮ ಬಡಾವಣೆಯ ಹತ್ತಿರ ಸಂಜೆ ಹೊತ್ತು ಮಿರ್ಚಿ, ಗಿರ್ಮಿಟ್ ಮಾರುವ ಗಾಡಿ ಇಡಬೇಕೆಂದಿದ್ದೇವೆ. ಕೈಯಲ್ಲಿ 40 ಸಾವಿರ ರೂಪಾಯಿ ಇದೆ. ಇಷ್ಟು ಸಾಕಾಗುತ್ತದೆಯೇ? ದಿನಕ್ಕೆ ಎಷ್ಟು ಉಳಿಯಬಹುದು? ಜೊತೆಗೆ ಪಾವ್‌ಭಾಜಿ, ಗೋಬಿ, ವಡೆ ಎಲ್ಲವನ್ನೂ ಇಟ್ಟರೆ ಗಿರಾಕಿಗಳು ಹೆಚ್ಚುತ್ತಾರೆ ಎಂದು ನನ್ನ ಮೈದುನ ಹೇಳುತ್ತಾನೆ. ಇದು ಸರಿಯೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಸಾಕಾಗುತ್ತದೆ, ಆದರೆ ಆ ಹಣವನ್ನೆಲ್ಲ ಗಾಡಿಗೇ ಸುರಿಯಬಾರದು. ಹೊಸಬರು ಮಾಡುವ ಮೊದಲ ತಪ್ಪೆಂದರೆ ಹೊಳೆಯುವ ಸ್ಟೀಲ್ ತಗಡಿನ ಹೊಸ ಗಾಡಿ ಮಾಡಿಸಿ, ಎರಡನೆಯ ವಾರ ಎಣ್ಣೆ ತರಲು ದುಡ್ಡಿಲ್ಲದೆ ಸಾಲಕ್ಕೆ ಕೈಚಾಚುವುದು. ಮೊದಲ ಮೂರು ತಿಂಗಳು ಗಾಡಿಯನ್ನು ಬಾಡಿಗೆಗೆ ಪಡೆಯಿರಿ, ಇಲ್ಲವೇ ವ್ಯಾಪಾರ ಬಿಟ್ಟವರ ಹಳೆಯ ಗಾಡಿಯನ್ನು ಕೊಂಡು ಚಕ್ರ ಮತ್ತು ಅಚ್ಚನ್ನು ಮಾತ್ರ ಸರಿಪಡಿಸಿಕೊಳ್ಳಿ. ಒಲೆ, ಬಾಣಲೆ, ಜಾರಿ, ಪಾತ್ರೆ, ದೀಪ ಇವುಗಳಿಗೆ ಖರ್ಚಾದ ಮೇಲೂ ಕನಿಷ್ಠ 15 ಸಾವಿರ ರೂಪಾಯಿ ಕೈಯಲ್ಲಿ ಉಳಿದಿರಬೇಕು. ಮಳೆ ಹಿಡಿದು ನಾಲ್ಕು ದಿನ ಗಾಡಿ ಹೊರಡದಿದ್ದಾಗ ಮನೆಯನ್ನು ನಡೆಸುವುದು ಆ ಹಣವೇ.

ಜಾಗದ ವಿಷಯದಲ್ಲಿ ಅವಸರ ಬೇಡ. ನೀವು ನಿಲ್ಲಬೇಕೆಂದಿರುವ ಜಾಗದಲ್ಲಿ ಒಂದು ವಾರ, ಸಂಜೆ 4ರಿಂದ 8ರವರೆಗೆ ಸುಮ್ಮನೆ ನಿಂತು ಎಷ್ಟು ಜನ ನಡೆದು ಹೋಗುತ್ತಾರೆ, ಎಷ್ಟು ಜನ ಬಸ್ಸಿಗಾಗಿ ಕಾಯುತ್ತಾರೆ, ಯಾವ ದಿನ ಸಂತೆ, ಯಾವ ದಿನ ಅಂಗಡಿಗಳಿಗೆ ರಜೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ವಾಹನ ಸಂಚಾರ ಜೋರಾಗಿರುವ ರಸ್ತೆಗಿಂತ ಜನ ನಿಧಾನವಾಗಿ ನಡೆಯುವ ರಸ್ತೆ ಮೇಲು. ಗಾಡಿಯನ್ನು ನಿಲ್ಲಿಸಿದಾಗ ಯಾರ ಮನೆಯ ಬಾಗಿಲಿಗಾಗಲಿ, ಚರಂಡಿಯ ಬಾಯಿಗಾಗಲಿ, ನಡೆಯುವ ದಾರಿಗಾಗಲಿ ಅಡ್ಡವಾಗಬಾರದು. ಅಕ್ಕಪಕ್ಕದವರ ದೂರು ಬಂದ ಜಾಗದಲ್ಲಿ ಗಾಡಿ ಬಹಳ ದಿನ ನಿಲ್ಲುವುದಿಲ್ಲ.

ಇನ್ನು ನಿಮ್ಮ ಮೈದುನನ ಮಾತು. ಅದನ್ನು ನಾನು ಒಪ್ಪುವುದಿಲ್ಲ. ಗಾಡಿಯ ಬಲವಿರುವುದು ಇವತ್ತು ತಂದ ಸಾಮಾನನ್ನು ಇವತ್ತೇ ಬಿಸಿಯಾಗಿ ಮಾರಿ ಮುಗಿಸುವುದರಲ್ಲಿ. ಪದಾರ್ಥಗಳ ಸಂಖ್ಯೆ ಬೆಳೆದಷ್ಟೂ ರಾತ್ರಿ ಉಳಿಯುವ ಸಾಮಾನು ಬೆಳೆಯುತ್ತದೆ. ಉಳಿದದ್ದು ನಷ್ಟ, ಅದನ್ನು ಮರುದಿನ ಮಾರುವುದು ಇನ್ನೂ ದೊಡ್ಡ ನಷ್ಟ. ಮಿರ್ಚಿ ಮತ್ತು ಗಿರ್ಮಿಟ್ ಒಂದಕ್ಕೊಂದು ಹೊಂದುವ ಜೋಡಿ. ಚುರುಮುರಿ ಬೇಗ ಕೆಡುವುದಿಲ್ಲ, ಪುಟಾಣಿ ಹಿಟ್ಟು ಮನೆಯಲ್ಲೇ ಆಗುತ್ತದೆ, ಹುಣಸೆ ಬೆಲ್ಲ ಹಾಕಿ ಬೇಯಿಸಿದ ಈರುಳ್ಳಿ ಮಸಾಲೆಯನ್ನು ಮಧ್ಯಾಹ್ನ ಮಾಡಿಟ್ಟುಕೊಂಡರೆ ಗಾಡಿಯ ಮುಂದೆ ಕಲಸುವ ಕೆಲಸವೊಂದೇ ಉಳಿಯುತ್ತದೆ. ಬಿಸಿ ಮಿರ್ಚಿಗೆಂದು ಬಂದವರು ಎರಡು ನಿಮಿಷ ಕಾಯುವಾಗ ಗಿರ್ಮಿಟ್ ಕೇಳಿಯೇ ಕೇಳುತ್ತಾರೆ. ಇವೆರಡನ್ನೂ ಇಡೀ ಬಡಾವಣೆ ನೆನಪಿಟ್ಟುಕೊಳ್ಳುವಷ್ಟು ಚೆನ್ನಾಗಿ ಮಾಡಿ, ಆರು ತಿಂಗಳಾದ ಮೇಲೆ ಮೂರನೆಯದನ್ನು ಯೋಚಿಸಿ.

ಎಷ್ಟು ಉಳಿಯುತ್ತದೆ ಎಂಬುದಕ್ಕೆ ಒಂದು ಮಾದರಿ ಲೆಕ್ಕ ಕೊಡುತ್ತೇನೆ, ಬೆಲೆಗಳನ್ನು ನಿಮ್ಮ ಪೇಟೆಗೆ ತಕ್ಕಂತೆ ಬದಲಿಸಿಕೊಳ್ಳಿ. ದಿನದ ವ್ಯಾಪಾರ 2,500 ರೂಪಾಯಿ ಆಯಿತೆಂದುಕೊಳ್ಳೋಣ. ಕಡಲೆ ಹಿಟ್ಟು, ಎಣ್ಣೆ, ಮೆಣಸಿನಕಾಯಿ, ಚುರುಮುರಿ, ಈರುಳ್ಳಿ ಮುಂತಾದವಕ್ಕೆ 1,150, ಗ್ಯಾಸಿಗೆ 180, ತಟ್ಟೆ ಮತ್ತು ನೀರಿಗೆ 120, ಗಾಡಿ ಬಾಡಿಗೆ ಹಾಗೂ ದೀಪಕ್ಕೆ 100, ಒಟ್ಟು 1,550 ರೂಪಾಯಿ. ಉಳಿದದ್ದು 950. ಇದನ್ನೇ ಲಾಭವೆಂದು ಬಹಳ ಜನ ತಿಳಿಯುತ್ತಾರೆ, ಅದು ಲಾಭವಲ್ಲ. ಮಧ್ಯಾಹ್ನ ಈರುಳ್ಳಿ ಹೆಚ್ಚುವುದರಿಂದ ಹಿಡಿದು ರಾತ್ರಿ ಬಾಣಲೆ ತೊಳೆಯುವವರೆಗೆ ಇಬ್ಬರು ದುಡಿದಿದ್ದೀರಿ. ತಲೆಗೆ 350ರಂತೆ ನಿಮ್ಮಿಬ್ಬರ ಕೂಲಿ 700 ರೂಪಾಯಿ ತೆಗೆದರೆ ಗಾಡಿ ದುಡಿದದ್ದು 250 ಮಾತ್ರ. ಕೂಲಿಯ ಹಣ ಮನೆಗೆ ಹೋಗಲಿ, ಗಾಡಿ ದುಡಿದದ್ದು ಗಾಡಿಯ ಹೆಸರಿನಲ್ಲೇ ಬೇರೆ ಡಬ್ಬಿಯಲ್ಲಿ ಬೀಳಲಿ. ದಿನಾ ಮನೆಬಾಗಿಲಿಗೆ ಬಂದು ಹಣ ಕಟ್ಟಿಸಿಕೊಳ್ಳುವ ಪಿಗ್ಮಿ ಠೇವಣಿಯನ್ನು 1928ರಲ್ಲಿ ಉಡುಪಿಯಲ್ಲಿ ಆರಂಭಿಸಿದ್ದು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ. ದಿನಗೂಲಿಯಂತೆ ಹಣ ಬರುವವರ ಸ್ವಭಾವವನ್ನು ಅಷ್ಟು ಚೆನ್ನಾಗಿ ಅರಿತ ಬೇರೊಂದು ಯೋಜನೆಯನ್ನು ನಾನು ಕಂಡಿಲ್ಲ. ನಂಬಿಕೆಯ ಬ್ಯಾಂಕು ಅಥವಾ ಸೊಸೈಟಿಯಲ್ಲಿ ದಿನಕ್ಕೆ 100 ರೂಪಾಯಿಯ ಪಿಗ್ಮಿ ಹಾಕಿ.

ಎಣ್ಣೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಮಿರ್ಚಿ ಗಾಡಿಯ ಮರ್ಯಾದೆ ಇರುವುದು ಅದರಲ್ಲೇ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಕೆಟ್ಟ ಅಂಶಗಳ ಒಟ್ಟು ಪ್ರಮಾಣ ನೂರಕ್ಕೆ 25ನ್ನು ದಾಟಿದರೆ ಆ ಎಣ್ಣೆಯನ್ನು ಬಳಸಬಾರದೆಂದು 2018ರ ಜುಲೈನಿಂದ ನಿಯಮವಿದೆ. ಅದನ್ನು ಅಳೆಯುವ ಯಂತ್ರ ನಮ್ಮ ಬಳಿ ಇರುವುದಿಲ್ಲ, ಕಣ್ಣು ಮೂಗು ಇವೆ. ಎಣ್ಣೆ ಕಪ್ಪಾಗಿ ಜಿಗುಟಾದರೆ, ಮಿರ್ಚಿ ಬಿಟ್ಟಾಗ ನೊರೆ ಇಳಿಯದಿದ್ದರೆ, ಸಣ್ಣ ಉರಿಗೇ ಹೊಗೆ ಎದ್ದು ಕಮಟು ಹೊಡೆದರೆ ಅದರ ಆಯುಷ್ಯ ಮುಗಿಯಿತು. ಉದುರಿದ ಹಿಟ್ಟಿನ ಕಾಳು ತಳದಲ್ಲಿ ಸುಟ್ಟು ಎಣ್ಣೆಯನ್ನು ಬೇಗ ಕೆಡಿಸುತ್ತದೆ, ಹಾಗಾಗಿ ಪ್ರತಿ ಸರದಿಯ ನಂತರ ಜಾರಿಯಿಂದ ಅದನ್ನು ತೆಗೆಯುತ್ತಿರಿ. ಹಳೆಯ ಎಣ್ಣೆಗೆ ಹೊಸದನ್ನು ಸುರಿದು ಬೆರೆಸುವ ಅಭ್ಯಾಸ ಬೇಡ. ಸಣ್ಣ ಬಾಣಲೆಯಲ್ಲಿ ಕಡಿಮೆ ಎಣ್ಣೆಯಿಟ್ಟು ಕರಿದರೆ ರಾತ್ರಿಗೆ ಉಳಿಯುವುದೇ ಕಡಿಮೆ. ಬಣ್ಣ ಬೇಡವೇ ಬೇಡ: 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಗೂ ಜೂನ್‌ನಲ್ಲಿ ಕಬಾಬಿಗೂ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ ನಿಷೇಧಿಸಿದೆ, ಮಿರ್ಚಿಗೆ ಚಿಟಿಕೆ ಅರಿಸಿನಕ್ಕಿಂತ ಒಳ್ಳೆಯ ಬಣ್ಣ ಇಲ್ಲ. ಕರಿದದ್ದನ್ನು ಸುದ್ದಿಪತ್ರಿಕೆಯ ಹಾಳೆಯಲ್ಲಿ ಕೊಡಬೇಡಿ, ಬಿಸಿ ಎಣ್ಣೆಗೆ ಅದರ ಶಾಯಿ ಕರಗಿ ತಿಂಡಿಗೆ ಹತ್ತುತ್ತದೆ. ಮುತ್ತುಗದ ಎಲೆಯ ದೊನ್ನೆ ಸಿಕ್ಕರೆ ಅದೇ ಒಳ್ಳೆಯದು. ಮನೆಯ 14.2 ಕಿಲೋ ಸಿಲಿಂಡರನ್ನು ಗಾಡಿಗೆ ತರುವುದು ಕಾನೂನಿಗೆ ವಿರುದ್ಧ, ವಾಣಿಜ್ಯ ಸಿಲಿಂಡರನ್ನೇ ಪಡೆದು ವರ್ಷಕ್ಕೊಮ್ಮೆ ಪೈಪನ್ನು ಬದಲಿಸಿ.

ಪ್ರಶ್ನೆ: ನನ್ನ ಮಗ ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ಮೂರು ವರ್ಷ ದುಡಿದು ಬಂದಿದ್ದಾನೆ. ಎಂಜಿನಿಯರಿಂಗ್ ಕಾಲೇಜಿನ ಎದುರು ಹಾಟ್ ಡಾಗ್ ಗಾಡಿ ಇಡುತ್ತೇನೆ, ಅಮೆರಿಕದಲ್ಲಿ ಅದರಿಂದಲೇ ಸಂಸಾರ ನಡೆಸುವವರಿದ್ದಾರೆ ಎನ್ನುತ್ತಾನೆ. ನಮ್ಮ ಕಡೆ ಅದು ನಡೆಯುತ್ತದೆಯೇ?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ. ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಪೋಲೆಂಡಿನಿಂದ ವಲಸೆ ಬಂದ ನೇಥನ್ ಹ್ಯಾಂಡ್‌ವರ್ಕರ್ 1916ರಲ್ಲಿ ಸಣ್ಣ ಅಂಗಡಿಯಿಟ್ಟು, ಬೇರೆಡೆ ಹತ್ತು ಸೆಂಟಿಗೆ ಸಿಗುತ್ತಿದ್ದ ಹಾಟ್ ಡಾಗನ್ನು ಐದು ಸೆಂಟಿಗೆ ಮಾರಿ ಬೆಳೆದರು. ಅಲ್ಲಿನ ಗಾಡಿಯ ಅನುಕೂಲ ಆ ತಿಂಡಿಯ ಸ್ವಭಾವದಲ್ಲೇ ಇದೆ. ಅದರೊಳಗಿನ ಸಾಸೇಜ್, ಅಂದರೆ ಅರೆದ ಮಾಂಸದ ಉದ್ದನೆಯ ಸುರುಳಿ, ಮೊದಲೇ ಬೆಂದಿರುತ್ತದೆ, ಬಿಸಿನೀರಿನ ಪೆಟ್ಟಿಗೆಯಲ್ಲಿ ಅದನ್ನು ಬಿಸಿಯಾಗಿಟ್ಟು, ಬನ್ನಿನ ಸೀಳಿನಲ್ಲಿರಿಸಿ ಮೇಲೆ ಸಾಸಿವೆ ಸಾಸನ್ನೋ ಈರುಳ್ಳಿಯನ್ನೋ ಹಾಕಿ ಕೊಟ್ಟರೆ ಮುಗಿಯಿತು. ಕರಿಯುವ ಕೆಲಸವಿಲ್ಲ, ಪಾತ್ರೆ ತೊಳೆಯುವ ಹೊರೆಯಿಲ್ಲ, ಒಬ್ಬನೇ ನಡೆಸಬಹುದು.

ಆದರೆ ಅಲ್ಲಿಯ ಗಾಡಿಯ ಹಿಂದೆ ಕಣ್ಣಿಗೆ ಕಾಣದ ಒಂದು ವ್ಯವಸ್ಥೆ ಇದೆ. ನ್ಯೂಯಾರ್ಕಿನಲ್ಲಿ ಮಾರುವ ವ್ಯಕ್ತಿಗೆ ಒಂದು ಪರವಾನಗಿ, ಗಾಡಿಗೆ ಇನ್ನೊಂದು ಬೇಕು, ರಾತ್ರಿ ಗಾಡಿಯನ್ನು ಆರೋಗ್ಯ ಇಲಾಖೆ ಒಪ್ಪಿದ ಜಾಗದಲ್ಲಿ ತೊಳೆದು ಇಡಬೇಕು. ಗಾಡಿಗಳ ಪರವಾನಗಿಗೆ 1980ರ ದಶಕದಿಂದಲೂ ಮಿತಿ ಇರುವುದರಿಂದ ಪರವಾನಗಿಯುಳ್ಳವರಿಂದ ಬೇರೆಯವರು ಕಳ್ಳದಾರಿಯಲ್ಲಿ ದುಬಾರಿ ಬಾಡಿಗೆಗೆ ಪಡೆಯುವುದೂ ಅಲ್ಲಿ ನಡೆದುಬಂದಿದೆ.

ಧಾರವಾಡದಲ್ಲಿ ನಿಮ್ಮ ಮಗನಿಗೆ ಎದುರಾಗುವ ತೊಡಕು ಬೇರೆ, ಅದು ತಣ್ಣಗಿಡುವುದು. ಸಾಸೇಜ್ ಕಾರ್ಖಾನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಹೆಪ್ಪುಗಟ್ಟಿದ ಸ್ಥಿತಿಯಲ್ಲೇ ಬರಬೇಕು. ಕರಗಿದ ಮೇಲೆ 5 ಡಿಗ್ರಿಗಿಂತ ತಣ್ಣಗೆ, ಬಿಸಿ ಮಾಡಿದ ಮೇಲೆ 60 ಡಿಗ್ರಿಗಿಂತ ಬಿಸಿಯಾಗಿ ಇರಬೇಕು. ಈ ಎರಡರ ನಡುವಿನ ಶಾಖದಲ್ಲಿ ಮಾಂಸದಲ್ಲಿ ರೋಗಾಣುಗಳು ವೇಗವಾಗಿ ಬೆಳೆಯುತ್ತವೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ವಿದ್ಯುತ್ ಇಲ್ಲದ ಗಾಡಿಯ ಮೇಲೆ ಇದನ್ನು ಪಾಲಿಸುವುದು ಸುಲಭವಲ್ಲ. ದಪ್ಪ ಗೋಡೆಯ ಐಸ್ ಪೆಟ್ಟಿಗೆ ಮತ್ತು 400-500 ರೂಪಾಯಿಗೆ ಸಿಗುವ ಚುಚ್ಚಿ ನೋಡುವ ಥರ್ಮಾಮೀಟರ್ ಇಲ್ಲದೆ ಈ ವ್ಯಾಪಾರಕ್ಕೆ ಇಳಿಯಬಾರದೆಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಒಮ್ಮೆ ಕರಗಿದ ಸಾಸೇಜನ್ನು ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ, ಅಂದರೆ ಆ ದಿನ ಮಾರದೆ ಉಳಿದದ್ದು ಹೋಯಿತೆಂದೇ ಅರ್ಥ.

ಆದುದರಿಂದ ಅವನು ಮೊದಲು ವಾರಕ್ಕೆ ಎರಡೇ ಸಂಜೆ, ದಿನಕ್ಕೆ 30 ಹಾಟ್ ಡಾಗ್‌ಗಳಿಂದ ಆರಂಭಿಸಲಿ. ಉದ್ದನೆಯ ಬನ್ನನ್ನು ಹತ್ತಿರದ ಬೇಕರಿಯವರು ಮುಂಗಡ ಹೇಳಿದರೆ ಮಾಡಿಕೊಡುತ್ತಾರೆ. ಉಳಿದ ದಿನಗಳಲ್ಲಿ ಅದೇ ಗಾಡಿಯಲ್ಲಿ, ಅದೇ ಬನ್ನಿನಲ್ಲಿ ಆಮ್ಲೆಟ್ ಇಟ್ಟು ಕೊಡಲಿ. ಎಗ್‌ರೈಸ್ ಗಾಡಿಗಳಿಗೆ ಒಗ್ಗಿದ ನಮ್ಮ ವಿದ್ಯಾರ್ಥಿಗಳಿಗೆ ಮೊಟ್ಟೆ ಹೊಸದಲ್ಲ, ಬೆಲೆಯೂ ಕೈಗೆಟಕುತ್ತದೆ, ಐಸಿನ ಹಂಗೂ ಇಲ್ಲ. ಎರಡು ತಿಂಗಳ ಚೀಟಿ ಲೆಕ್ಕ ನೋಡಿದಾಗ ಯಾವುದನ್ನು ಮುಂದುವರಿಸಬೇಕೆಂದು ಅವನಿಗೇ ತಿಳಿಯುತ್ತದೆ. ಮೇಷ್ಟ್ರೇ, ಅವನನ್ನು ತಡೆಯಬೇಡಿ. ಹಡಗಿನ ಅಡುಗೆಮನೆಯಲ್ಲಿ ಕಲಿತ ಶುಚಿತ್ವ ಎಲ್ಲರಿಗೂ ಸಿಗುವ ಬಂಡವಾಳವಲ್ಲ.

ಪ್ರಶ್ನೆ: ಏಳು ವರ್ಷಗಳಿಂದ ಇಡ್ಲಿ ಗಾಡಿ ನಡೆಸುತ್ತಿದ್ದೇನೆ. ಕಳೆದ ತಿಂಗಳು ನಗರ ಸಂಸ್ಥೆಯವರು ಮುನ್ಸೂಚನೆಯಿಲ್ಲದೆ ಗಾಡಿಯನ್ನೂ ಪಾತ್ರೆಗಳನ್ನೂ ಹೊತ್ತೊಯ್ದರು. ಬಿಡಿಸಿಕೊಳ್ಳಲು ದಿನಬಡ್ಡಿಯ ಸಾಲ ಮಾಡಿದ್ದೇನೆ. ನನಗೆ ಕಾಯ್ದೆಯಲ್ಲಿ ಏನಾದರೂ ಆಧಾರ ಇದೆಯೇ?
— ನೊಂದ ವ್ಯಾಪಾರಿ

ಉತ್ತರ: ಇದೆ. ಬೀದಿಯಲ್ಲಿ ವ್ಯಾಪಾರ ಮಾಡುವುದು, ಸಮಂಜಸ ನಿರ್ಬಂಧಗಳಿಗೆ ಒಳಪಟ್ಟು, ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ ಸೋದನ್ ಸಿಂಗ್ ಪ್ರಕರಣದಲ್ಲಿ 1989ರಲ್ಲೇ ಹೇಳಿದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ತೆರವು ಅಥವಾ ಸ್ಥಳಾಂತರಕ್ಕೆ ಮೊದಲು 30 ದಿನಗಳ ನೋಟಿಸ್ ಕೊಡಬೇಕು. ಸಾಮಾನು ವಶಪಡಿಸಿಕೊಂಡರೆ ಅದರ ಪಟ್ಟಿ ಮಾಡಿ ಪ್ರತಿಯನ್ನು ನಿಮಗೆ ಕೊಡಬೇಕು. ನೀವು ಕೇಳಿದಾಗ ಕೆಡುವ ಪದಾರ್ಥಗಳನ್ನು ಅದೇ ದಿನ, ಉಳಿದವನ್ನು ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು, ಅದಕ್ಕೆ ನಿಗದಿಯಾದ ಶುಲ್ಕಕ್ಕೆ ರಶೀದಿ ಕೇಳಿ ಪಡೆಯಿರಿ. ಬೀದಿ ವ್ಯಾಪಾರಿಗಳ ಸಮೀಕ್ಷೆ ಮಾಡುವ ಪಟ್ಟಣ ವ್ಯಾಪಾರ ಸಮಿತಿ ಪ್ರತಿ ಪಟ್ಟಣದಲ್ಲೂ ಇರಬೇಕು, ಅದರ ಸದಸ್ಯರಲ್ಲಿ ನೂರಕ್ಕೆ 40ಕ್ಕಿಂತ ಕಡಿಮೆಯಿಲ್ಲದಷ್ಟು ಜನ ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳಾಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಏಳು ವರ್ಷದಿಂದ ಅಲ್ಲೇ ಇದ್ದೀರಿ ಎಂಬುದಕ್ಕೆ ಹಳೆಯ ಫೋಟೋ, ಸುಂಕದ ಚೀಟಿ, ಏನಿದ್ದರೂ ಸೇರಿಸಿ, ನಡೆದದ್ದನ್ನು ದಿನಾಂಕ ಸಹಿತ ಬರೆದು ನಗರ ಸಂಸ್ಥೆಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋಗಿದ್ದರೆ ವ್ಯಾಪಾರ ಪ್ರಮಾಣಪತ್ರಕ್ಕೂ ಅರ್ಜಿ ಹಾಕಿ. ನಮ್ಮ ಗಾಡಿಯನ್ನೂ ಒಮ್ಮೆ ಹೀಗೆಯೇ ಹೊತ್ತೊಯ್ದಾಗ ಪಟ್ಟಿ ಕೇಳಬೇಕೆಂಬುದು ನಮಗೆ ಗೊತ್ತಿರಲಿಲ್ಲ. ಒಂದು ಒಲೆ, ಎರಡು ಹಂಡೆ ಮರಳಿ ಬರಲೇ ಇಲ್ಲ.

ನನ್ನನ್ನು ಹೆಚ್ಚು ಕಾಡುವುದು ನಿಮ್ಮ ದಿನಬಡ್ಡಿ. 10 ಸಾವಿರದ ಸಾಲಕ್ಕೆ ಮೊದಲೇ ಸಾವಿರ ಮುರಿದುಕೊಂಡು 9 ಸಾವಿರ ಕೊಟ್ಟು, ದಿನಕ್ಕೆ ನೂರರಂತೆ ನೂರು ದಿನ ವಸೂಲಿ ಮಾಡುವುದು ಎಲ್ಲ ಕಡೆ ನಡೆಯುವ ರೀತಿ. ಬರೀ ನೂರಕ್ಕೆ ಹತ್ತು ಎಂದು ಅದು ತೋರುತ್ತದೆ, ಆದರೆ ಅಸಲು ದಿನದಿನವೂ ಕರಗುತ್ತಿರುವುದರಿಂದ ನಿಜವಾದ ಬಡ್ಡಿ ವರ್ಷಕ್ಕೆ ನೂರಕ್ಕೆ 75ನ್ನೂ ಮೀರುತ್ತದೆ. 2020ರ ಜೂನ್‌ನಲ್ಲಿ ಬೀದಿ ವ್ಯಾಪಾರಿಗಳಿಗೆಂದು ಆರಂಭವಾದ ಕೇಂದ್ರ ಸರ್ಕಾರದ ಪಿಎಂ ಸ್ವನಿಧಿ ಯೋಜನೆಯಲ್ಲಿ ಈಗ ಮೊದಲ ಸಾಲ 15 ಸಾವಿರ, ಅದನ್ನು ತೀರಿಸಿದರೆ 25 ಸಾವಿರ, ಆಮೇಲೆ 50 ಸಾವಿರದವರೆಗೆ ಜಾಮೀನಿಲ್ಲದ ಸಾಲ ಸಿಗುತ್ತದೆ, ಕಂತನ್ನು ಸರಿಯಾಗಿ ಕಟ್ಟಿದವರಿಗೆ ನೂರಕ್ಕೆ 7ರಷ್ಟು ಬಡ್ಡಿ ಸಹಾಯಧನವೂ ಇದೆ. ಪ್ರಮಾಣಪತ್ರ ಇಲ್ಲದಿದ್ದರೆ ನಗರ ಸಂಸ್ಥೆಯ ಶಿಫಾರಸು ಪತ್ರದ ಮೇಲೂ ಅರ್ಜಿ ಹಾಕಬಹುದು. ಆ ಹಣ ಬಂದ ದಿನವೇ ದಿನಬಡ್ಡಿಯವರ ಲೆಕ್ಕ ಮುಗಿಸಿ, ಸಾಲದ ಚೀಟಿಯನ್ನು ಹಿಂದಕ್ಕೆ ಪಡೆಯಿರಿ.

ಪ್ರಶ್ನೆ: ಯುಪಿಐನಲ್ಲಿ ಹಣ ಪಡೆದರೆ ತೆರಿಗೆ ನೋಟಿಸ್ ಬರುತ್ತದೆಂದು ನಮ್ಮ ಬೀದಿಯಲ್ಲಿ ಎಲ್ಲರೂ ಕ್ಯೂಆರ್ ಚೀಟಿ ಕಿತ್ತಿದ್ದಾರೆ. ನಾನೂ ಕೀಳಲೇ?
— ಚಾಟ್ ಗಾಡಿಯವರು, ಬೆಂಗಳೂರು

ಉತ್ತರ: ಕೀಳಬೇಡಿ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ ಹುಟ್ಟಿದ ಭಯ ಇದು. ಬೇಯಿಸಿ ಬಡಿಸುವ ವ್ಯಾಪಾರ ಸೇವೆಯ ಸಾಲಿಗೆ ಬರುವುದರಿಂದ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ. ವರ್ಷಕ್ಕೆ 300 ದಿನ ಗಾಡಿ ಇಟ್ಟರೆ ದಿನಕ್ಕೆ ಸುಮಾರು 6,670 ರೂಪಾಯಿಯ ವ್ಯಾಪಾರವಾದಾಗ ಮಾತ್ರ ನೀವು ಆ ಗೆರೆಯನ್ನು ಮುಟ್ಟುತ್ತೀರಿ. ಈ ಮಿತಿಗೆ ನಗದು, ಯುಪಿಐ ಎರಡೂ ಸೇರುವುದರಿಂದ ಚೀಟಿ ಕಿತ್ತರೆ ಕಾನೂನಿನ ದೃಷ್ಟಿಯಲ್ಲಿ ಏನೂ ಬದಲಾಗುವುದಿಲ್ಲ, ಚಿಲ್ಲರೆ ಇಲ್ಲದ ಗಿರಾಕಿ ಮಾತ್ರ ಮುಂದಿನ ಗಾಡಿಗೆ ಹೋಗುತ್ತಾನೆ. ತೊಂದರೆ ಬರುವುದು ಬಂಧುಗಳು ಕಳಿಸಿದ ಹಣ, ಚೀಟಿ ವ್ಯವಹಾರದ ಹಣ, ಕೈಸಾಲ ಎಲ್ಲವೂ ಗಾಡಿಯ ಕ್ಯೂಆರ್ ಇರುವ ಖಾತೆಗೇ ಬಂದು ವ್ಯಾಪಾರದ ಜಮೆಯಂತೆ ಕಾಣುವಾಗ. ಗಾಡಿಗೆ ಪ್ರತ್ಯೇಕ ಖಾತೆ ತೆರೆಯಿರಿ, ಒಂದು ನೋಟ್‌ಬುಕ್ಕಿನಲ್ಲಿ ದಿನದ ನಗದು ಮತ್ತು ಯುಪಿಐ ಮೊತ್ತವನ್ನು ಎರಡು ಸಾಲಾಗಿ ಬರೆದಿಡಿ. ಈಗಾಗಲೇ ನೋಟಿಸ್ ಬಂದಿದ್ದರೆ ಸುಮ್ಮನಿರದೆ, ಅದರಲ್ಲಿ ಹೇಳಿದ ದಿನಾಂಕದೊಳಗೆ ಆ ನೋಟ್‌ಬುಕ್ಕನ್ನೂ ಬ್ಯಾಂಕ್ ವಿವರಪಟ್ಟಿಯನ್ನೂ ತೆಗೆದುಕೊಂಡು ಹೋಗಿ ಲಿಖಿತ ಉತ್ತರ ಕೊಡಿ.