ವೈರ್ ಉದ್ದವಾದರೆ ಮೋಟಾರು ಯಾಕೆ ಹೆಚ್ಚು ಕರೆಂಟು ಎಳೆಯುತ್ತೆ?

ಚಳ್ಳಕೆರೆ ಸರ್, ಟಿಸಿಯಿಂದ (ಟ್ರಾನ್ಸ್‌ಫಾರ್ಮರ್‌ನಿಂದ) ಬೋರ್‌ವೆಲ್ ದೂರ, ವೈರ್ ಉದ್ದ, ಅಂದ್ಮೇಲೆ ಕರೆಂಟು ಕಡಿಮೆಯಾಗಬೇಕಿತ್ತು. ಆಂಪ್ ಮೀಟರ್ ಮಾತ್ರ ಜಾಸ್ತಿ ತೋರಿಸ್ತಿದೆ, ಎಲೆಕ್ಟ್ರಾನ್ ಎಲ್ಲಿಂದ ಹೆಚ್ಚಾದವು ಅಂತ ಕೇಳಿದ್ರಿ.

ಎಲೆಕ್ಟ್ರಾನ್ ಹೆಚ್ಚಾಗಿಲ್ಲ. ತಾಮ್ರದಲ್ಲಿ ಘನ ಮೀಟರಿಗೆ ಸುಮಾರು 8.5×10²⁸ ಬಿಡಿ ಎಲೆಕ್ಟ್ರಾನ್, ಅಂದ್ರೆ ಲೋಹದೊಳಗೆ ಓಡಾಡಬಲ್ಲ ಎಲೆಕ್ಟ್ರಾನ್. ವೈರ್ ಉದ್ದವಿರಲಿ, ನಮ್ಮ ಕಡೆ ಬಿಸಿಲಿಗೆ ಕಾದಿರಲಿ, ಆ ಲೆಕ್ಕ ಹಾಗೇ ಇರುತ್ತೆ. ಬದಲಾಗೋದು ಅವು ಸರಿಯುವ ವೇಗ, ಅಂದ್ರೆ ಡ್ರಿಫ್ಟ್ ವೆಲಾಸಿಟಿ. ಎಲೆಕ್ಟ್ರಾನ್ ಸಾಂದ್ರತೆ ಒಂದನ್ನೇ ನೋಡಿದ್ರೂ ಮೋಸ ಹೋಗ್ತೀವಿ: ಅಲ್ಯೂಮಿನಿಯಂನಲ್ಲಿ ಬಿಡಿ ಎಲೆಕ್ಟ್ರಾನ್ ತಾಮ್ರದ ಎರಡು ಪಟ್ಟು, ಆದ್ರೂ ಅದೇ ಅಳತೆಯ ವೈರಿನಲ್ಲಿ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ತಾಮ್ರದ ಸುಮಾರು 1.6 ಪಟ್ಟು. ಅಲ್ಲಿ ಎಲೆಕ್ಟ್ರಾನ್‌ಗಳಿಗೆ ಅಡ್ಡಿ ಜಾಸ್ತಿ.

ನೀವು ಹೀಟರ್ ಹಾಕಿದ್ದರೆ ನಿಮ್ಮ ಲೆಕ್ಕವೇ ಸರಿ: ರೆಸಿಸ್ಟೆನ್ಸ್ ಏರಿತು, ವೇಗ ಇಳಿಯಿತು, ಕರೆಂಟೂ ಇಳಿಯಿತು. ಮೋಟಾರು ಹಾಗಲ್ಲ. ವೈರಿನಲ್ಲೇ ವೋಲ್ಟೇಜ್ ಕಳೆದುಹೋದರೂ ನೀರೆತ್ತುವ ಹೊರೆ ಅಷ್ಟೇ ಇರುತ್ತೆ; ಮೋಟಾರು ತುಸು ನಿಧಾನವಾಗಿ ತಿರುಗುತ್ತಾ ಹೆಚ್ಚು ಕರೆಂಟು ಎಳೆಯುತ್ತೆ. ಆಗ ಅವೇ ಎಲೆಕ್ಟ್ರಾನ್‌ಗಳು ಚೂರು ಬೇಗ ಸರಿಯುತ್ತವೆ, ಅಷ್ಟೇ.

ಬೇಗ ಅಂದ್ರೂ ಎಷ್ಟು? 2.5 ಚದರ ಮಿ.ಮೀ. ತಾಮ್ರದ ವೈರಿನಲ್ಲಿ 10 ಆಂಪ್ ಹರಿದರೆ ಸೆಕೆಂಡಿಗೆ 0.3 ಮಿ.ಮೀ. ಸುತ್ತಮುತ್ತ. ಅದೂ ಎಸಿ (ದಿಕ್ಕು ಬದಲಿಸುತ್ತಲೇ ಇರುವ ಕರೆಂಟು) ಆದ್ದರಿಂದ ಇದ್ದಲ್ಲೇ ಹಿಂದೆ ಮುಂದೆ. ಸ್ವಿಚ್ ಹಾಕಿದ ತಕ್ಷಣ ಮೋಟಾರು ತಿರುಗೋದು ವಿದ್ಯುತ್ ಕ್ಷೇತ್ರ ವೈರಿನುದ್ದಕ್ಕೂ ಕ್ಷಣದಲ್ಲಿ ಹಬ್ಬೋದರಿಂದ.

ಎಲೆಕ್ಟ್ರಿಷಿಯನ್ ಕೈಲಿ ಮೋಟಾರು ಓಡುವಾಗಲೇ ಟಿಸಿ ಹತ್ರ ಒಮ್ಮೆ, ಸ್ಟಾರ್ಟರ್ ಹತ್ರ ಒಮ್ಮೆ ವೋಲ್ಟೇಜ್ ನೋಡಿಸಿ. ವ್ಯತ್ಯಾಸ ದೊಡ್ಡದಿದ್ದರೆ ದಪ್ಪ ಕೇಬಲ್ ಹಾಕಿಸಿ. ಇಲ್ಲದಿದ್ದರೆ ಮೋಟಾರಿನ ವೈಂಡಿಂಗ್ (ಒಳಗಿನ ತಂತಿ ಸುರುಳಿ) ಸುಡಬಹುದು.