ಓದುಗರ ಪ್ರಶ್ನೆ: ತೇಜಸ್‌ಗೆ ಇಷ್ಟು ವರ್ಷ ಯಾಕೆ ಹಿಡಿಯಿತು?

ವಿಮಾನದ ಕಾಂಪೊಸಿಟ್ (ಕಾರ್ಬನ್ ನೂಲನ್ನು ರಾಳದಲ್ಲಿ ಕೂರಿಸಿ ಮಾಡುವ) ಭಾಗಗಳನ್ನು ತಯಾರಿಸುವ ಶಾಪ್‌ನಲ್ಲಿ 26 ವರ್ಷ ದುಡಿದು ನಿವೃತ್ತರಾದ ನಮ್ಮ ಅಂಕಣಕಾರ್ತಿ, ಸ್ವದೇಶಿ ಹಗುರ ಯುದ್ಧ ವಿಮಾನದ ಬಗ್ಗೆ ಬಂದ ಪತ್ರಗಳಿಗೆ ಈ ಸಲ ಉತ್ತರಿಸಿದ್ದಾರೆ.

ಪ್ರಶ್ನೆ: 1983ರಲ್ಲಿ ಒಪ್ಪಿಗೆ ಸಿಕ್ಕ ವಿಮಾನ ವಾಯುಪಡೆಯ ಸ್ಕ್ವಾಡ್ರನ್ ಸೇರಿದ್ದು 2016ರಲ್ಲಿ. ಅಷ್ಟರಲ್ಲಿ ನನ್ನ ವಿದ್ಯಾರ್ಥಿಗಳ ಮಕ್ಕಳೂ ನನ್ನ ಹತ್ತಿರ ಓದಿ ಹೋದರು. 33 ವರ್ಷ ಏನು ಮಾಡಿದಿರಿ?
– ಸಿಂಧನೂರಿನ ನಿವೃತ್ತ ಶಿಕ್ಷಕರು

ಉತ್ತರ: ಮೇಷ್ಟ್ರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಲೆಕ್ಕವನ್ನು 1983ರಿಂದಲ್ಲ, 1961ರಿಂದ ಶುರುಮಾಡೋಣ. ಆ ವರ್ಷ ಜೂನ್ 17ರಂದು ಬೆಂಗಳೂರಿನಲ್ಲಿ ಮಾರುತ್ ಹಾರಿತು. ಜರ್ಮನಿಯ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಎಚ್‌ಎಎಲ್ ವಿನ್ಯಾಸ ಮಾಡಿದ ಜೆಟ್ ಯುದ್ಧ ವಿಮಾನ ಅದು. 147 ಮಾರುತ್‌ಗಳನ್ನು ಕಟ್ಟಿದರು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅವು ಹೋರಾಡಿದವು. ಅದರ ನಂತರ ನಾವು ಮಿಗ್ ಕಟ್ಟಿದೆವು, ಜಾಗ್ವಾರ್ ಕಟ್ಟಿದೆವು, ಎಲ್ಲವೂ ಬೇರೆಯವರ ನಕ್ಷೆ. ನಕ್ಷೆ ನೋಡಿ ಕಟ್ಟುವವರಿಗೆ ಬೋಲ್ಟ್ ಎಲ್ಲಿ ಕೂರುತ್ತದೆ ಎಂಬುದು ಗೊತ್ತಿರುತ್ತದೆ, ಅಲ್ಲೇ ಯಾಕೆ ಕೂರಬೇಕು ಎಂಬುದು ಗೊತ್ತಿರುವುದಿಲ್ಲ. 1984ರಲ್ಲಿ ತೇಜಸ್ ವಿನ್ಯಾಸಕ್ಕೆಂದು ಎಡಿಎ ಎಂಬ ಸಂಸ್ಥೆ ಶುರುವಾದಾಗ ಆ ‘ಯಾಕೆ’ಯನ್ನು ಹೆಚ್ಚುಕಡಿಮೆ ಹೊಸದಾಗಿ ಕಲಿಯಬೇಕಿತ್ತು. ಮಾರುತ್‌ನ ಬೆನ್ನಿಗೇ ಇನ್ನೊಂದು ವಿನ್ಯಾಸ ಕೈಗೆತ್ತಿಕೊಂಡಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎರಡನೆಯದು, ತೇಜಸ್ ತಾನಾಗಿ ಸಮತೋಲದಲ್ಲಿ ನಿಲ್ಲದ ವಿಮಾನ. ಬೇಕೆಂದೇ ಹಾಗೆ ಮಾಡಿದ್ದು. ಅಂಗೈ ಮೇಲೆ ಕೋಲು ನಿಲ್ಲಿಸುವ ಆಟ ನೆನೆಸಿಕೊಳ್ಳಿ. ಕೋಲು ಯಾವ ಕಡೆಗಾದರೂ ಥಟ್ಟನೆ ವಾಲುತ್ತದೆ, ಅದಕ್ಕೇ ವಿಮಾನ ಚುರುಕಾಗಿ ತಿರುಗುತ್ತದೆ. ಆದರೆ ಕೈ ಕ್ಷಣಕ್ಷಣಕ್ಕೂ ಸರಿಯುತ್ತಲೇ ಇರಬೇಕು. ಆ ಕೆಲಸ ಪೈಲಟ್‌ನಿಂದ ಆಗದು, ಕಂಪ್ಯೂಟರ್ ಮಾಡುತ್ತದೆ. ಒಂದು ಕೈಕೊಟ್ಟರೂ ಉಳಿದವು ನಡೆಸಲಿ ಎಂದು ನಾಲ್ಕು ಸಮಾನಾಂತರ ಚಾನೆಲ್‌ಗಳು. ಫ್ಲೈ ಬೈ ವೈರ್ ಅನ್ನುವುದು ಇದನ್ನೇ.

ನಮ್ಮ ಎಂಜಿನಿಯರುಗಳು ಅಮೆರಿಕದ ಕಂಪನಿಯೊಂದರ ಜೊತೆ ಕೂತು ಈ ವ್ಯವಸ್ಥೆಯ ಕೆಲಸ ಮಾಡುತ್ತಿದ್ದರು. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಅಣುಪರೀಕ್ಷೆ ಆಯಿತು, ಅಮೆರಿಕದ ನಿರ್ಬಂಧ ಬಂತು. ನಮ್ಮವರನ್ನು ವಾಪಸು ಕಳಿಸಿದರು, ಉಪಕರಣಗಳು ಅಲ್ಲೇ ಉಳಿದವು. ಕೆಲಸ ಬೆಂಗಳೂರಿನಲ್ಲೇ ಮುಂದುವರಿಯಿತು. ವಿಮಾನ ಹೇಗೆ ಪ್ರತಿಕ್ರಿಯಿಸಬೇಕೆಂಬ ಸೂತ್ರಗಳನ್ನು ಇಲ್ಲಿನ ವೈಮಾನಿಕ ಸಂಶೋಧನಾ ಪ್ರಯೋಗಾಲಯ ಎನ್‌ಎಎಲ್‌ನಲ್ಲಿದ್ದ ತಂಡ ಬರೆಯಿತು. ಮೊದಲ ವಿಮಾನ ಟಿಡಿ–1 ಹ್ಯಾಂಗರಿನಿಂದ ಹೊರಬಂದದ್ದು 1995ರ ನವೆಂಬರ್‌ನಲ್ಲಿ, ನೆಲ ಬಿಟ್ಟದ್ದು 2001ರ ಜನವರಿ 4ರಂದು. ನಡುವಿನ 5 ವರ್ಷ ಹೋದದ್ದು ಹೆಚ್ಚಾಗಿ ಇದಕ್ಕೇ. ಹೊರಗಿನವರ ಕಣ್ಣಿಗೆ ಅದು ಸುಮ್ಮನೆ ನಿಂತ ವಿಮಾನ.

ಆ ಬೆಳಿಗ್ಗೆ ನಾವು ಏಳೆಂಟು ಜನ ಶಾಪ್‌ನ ಹಿಂದಿನ ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ನಿಂತಿದ್ದೆವು. ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಅದನ್ನು 18 ನಿಮಿಷ ಹಾರಿಸಿ ಇಳಿಸಿದರು. ಮೇಲೇರಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಚಕ್ರ ನೆಲಕ್ಕೆ ತಾಗಿದ ಮೇಲೆ ನನ್ನ ಪಕ್ಕದಲ್ಲಿದ್ದ ಹಿರಿಯ ಫಿಟ್ಟರ್ ಮೆಟ್ಟಿಲ ಮೇಲೇ ಕುಸಿದು ಕೂತು, ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಹಾಗಂತ ಎಲ್ಲ ವಿಳಂಬವನ್ನೂ ನಿರ್ಬಂಧದ ತಲೆಗೆ ಕಟ್ಟಲಾರೆ. ತಯಾರಿಕೆಯ ವೇಗ ಸಾಲದು. 2021ರಲ್ಲಿ 83 ತೇಜಸ್‌ಗಳಿಗೆ ಒಪ್ಪಂದವಾಯಿತು: 73 ಮಾರ್ಕ್–1ಎ ಎಂಬ ಸುಧಾರಿತ ಮಾದರಿಯವು, 10 ತರಬೇತಿ ವಿಮಾನಗಳು. 2024ರಲ್ಲಿ ಮೊದಲನೆಯದನ್ನು ಒಪ್ಪಿಸಬೇಕಿದ್ದ ಗಡುವು ತಪ್ಪಿತು. 2025ರ ಸೆಪ್ಟೆಂಬರ್ 26ರಂದು ವಾಯುಪಡೆ ಕೊನೆಯ ಮಿಗ್–21ಗಳನ್ನು ಬೀಳ್ಕೊಟ್ಟಿತು. ಅವುಗಳ ಜಾಗ ತುಂಬಲೆಂದೇ ಹುಟ್ಟಿದ ವಿಮಾನ ನಮ್ಮದು. ಇದು ನನಗೆ ನೋವಿನ ವಿಷಯ.

ಪ್ರಶ್ನೆ: ತೇಜಸ್‌ನ ಹೊರಮೈ ಬಹುಪಾಲು ಪ್ಲಾಸ್ಟಿಕ್ ಅಂತ ನಮ್ಮ ಕಾಲೇಜಿನಲ್ಲಿ ಹೇಳುತ್ತಾರೆ. ನಿಜವೇ?
– ತಿಪಟೂರಿನ ಎಂಜಿನಿಯರಿಂಗ್ ವಿದ್ಯಾರ್ಥಿನಿ

ಉತ್ತರ: ಪ್ಲಾಸ್ಟಿಕ್ ಅಂದರೆ ಬಕೆಟ್ ನೆನಪಾಗುತ್ತದೆ, ಅದಲ್ಲ ಮಗಳೇ. ಅದು ರಾಳದಲ್ಲಿ ಕೂರಿಸಿದ ಕಾರ್ಬನ್ ನೂಲು. ವಿಮಾನದ ದೇಹದ ತೂಕದಲ್ಲಿ ನೂರಕ್ಕೆ ಸುಮಾರು 45 ಭಾಗ, ಹೊರಮೈಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಇದೇ. ನನ್ನ ಜೀವಮಾನದ ಕೆಲಸವೂ ಇದೇ, ಆದ್ದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ನೂಲಿನ ಹಾಳೆಗೆ ಪ್ರಿಪ್ರೆಗ್ ಅನ್ನುತ್ತೇವೆ. ಅದನ್ನು ಮೈನಸ್ 18 ಡಿಗ್ರಿಯಲ್ಲಿ ಇಟ್ಟಿರುತ್ತಾರೆ. ಹೊರಗೆ ತೆಗೆದ ಕೂಡಲೇ ಚೀಲ ಬಿಚ್ಚುವ ಹಾಗಿಲ್ಲ. ಕೋಣೆಯ ಬಿಸಿಗೆ ಬಂದು, ಚೀಲದ ಮೇಲಿನ ಬೆವರು ಪೂರ್ತಿ ಆರಬೇಕು. ಇಲ್ಲದಿದ್ದರೆ ತೇವ ಹಾಳೆಗೆ ಇಳಿಯುತ್ತದೆ. ಬಳೆ, ಉಂಗುರ ಬಿಚ್ಚಿಟ್ಟು, ಕೈಗವಸು ಹಾಕಿಕೊಂಡು ಒಳಗೆ ಹೋಗುತ್ತಿದ್ದೆವು. ಕಾಗದದಷ್ಟು ತೆಳುವಾದ ಹಾಳೆಗಳನ್ನು ಅಚ್ಚಿನ ಮೇಲೆ ಒಂದರ ಮೇಲೊಂದು ಹಾಸಬೇಕು: ಒಂದು ನೇರಕ್ಕೆ, ಒಂದು 45 ಡಿಗ್ರಿ ಓರೆಗೆ, ಒಂದು ಅಡ್ಡಕ್ಕೆ. ಯಾವ ಕಡೆಯಿಂದ ಎಳೆತ ಬರುತ್ತದೋ ಆ ಕಡೆಗೆ ನೂಲು.

ಪ್ರತಿ ಹಾಳೆಗೂ ಬೆನ್ನಿಗೊಂದು ಕಾಗದ ಅಂಟಿರುತ್ತದೆ. ಹಾಸುವಾಗ ಅದನ್ನು ಸುಲಿದು ಪಕ್ಕದ ತಟ್ಟೆಯಲ್ಲಿ ಹಾಕುತ್ತೇವೆ. ಕೊನೆಗೆ ಕಾಗದಗಳನ್ನು ಎಣಿಸುತ್ತೇವೆ. ಒಂದು ರಾತ್ರಿ ಪಾಳಿಯಲ್ಲಿ ಎಣಿಕೆ ಸರಿಯಿತ್ತು, ಆದರೆ ಒಂದು ಕಾಗದದ ಮೂಲೆ ಹರಿದಿತ್ತು. ಅಂಗೈಯಗಲದ ತುಂಡು ಇಲ್ಲ. ನೆಲ ಹುಡುಕಿದೆವು, ಒಬ್ಬರ ಕೋಟನ್ನು ಇನ್ನೊಬ್ಬರು ಕೊಡವಿ ನೋಡಿದೆವು. ಬೆಳಗಿನ ಜಾವ ಪದರಗಳನ್ನು ಒಂದೊಂದಾಗಿ ಎಬ್ಬಿಸಿದಾಗ 17ನೆಯದರ ಕೆಳಗೆ ಸಿಕ್ಕಿತು. ಅದು ನಾನು ಹಾಸಿದ ಪದರ. ಇಡೀ ಭಾಗವನ್ನು ಬಿಸಾಡಿ ಮೊದಲಿನಿಂದ ಹಾಸಿದೆವು. ಆ ತುಂಡು ಒಳಗೇ ಉಳಿದಿದ್ದರೆ ಅಷ್ಟು ಜಾಗದಲ್ಲಿ ಪದರಕ್ಕೆ ಪದರ ಅಂಟುತ್ತಿರಲಿಲ್ಲ. ನಿವೃತ್ತಿಯಾಗುವವರೆಗೂ ನಾನು ಕಾಗದವನ್ನು ಬರೀ ಎಣಿಸಿ ಸುಮ್ಮನಾಗಲಿಲ್ಲ, ನಾಲ್ಕೂ ಮೂಲೆ ಮುಟ್ಟಿ ನೋಡುತ್ತಿದ್ದೆ.

ಹಾಸಿದ ಮೇಲೆ ಗಾಳಿ ಹೀರಿ ತೆಗೆದು, ಆಟೊಕ್ಲೇವ್ ಎಂಬ ದೊಡ್ಡ ಒತ್ತಡದ ಒಲೆಯಲ್ಲಿ ಸುಮಾರು 180 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಆಮೇಲೆ ಅಲ್ಟ್ರಾಸೌಂಡ್ ಪರೀಕ್ಷೆ, ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗ್‌ನ ಹಾಗೆಯೇ. ಹೊದಿಕೆಯನ್ನೂ ಒಳಗಿನ ಪಕ್ಕೆಲುಬುಗಳನ್ನೂ ಒಟ್ಟಿಗೇ ಬೇಯಿಸಿ ಒಂದೇ ತುಂಡಾಗಿಸುವ ವಿಧಾನವನ್ನು ಎನ್‌ಎಎಲ್ ಇಲ್ಲೇ ಬೆಳೆಸಿತು. ಅದರಿಂದ ಸಾವಿರಾರು ರಿವೆಟ್ ಬೇಡವಾದವು, ತೂಕವೂ ಇಳಿಯಿತು.

ಪ್ರಶ್ನೆ: ಎಂಜಿನ್ ಅಮೆರಿಕದ್ದು. ಮತ್ತೆ ಸ್ವದೇಶಿ ಹೇಗೆ?
– ಕಾರ್ಕಳದ ಓದುಗರು

ಉತ್ತರ: ಎಂಜಿನ್ ಸ್ವದೇಶಿಯಲ್ಲ. ಅದು ಜಿಇ ಕಂಪನಿಯ ಎಫ್–404. ಬೆಂಗಳೂರಿನ ಎಂಜಿನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇ ರೂಪಿಸಿದ ಕಾವೇರಿ ಎಂಜಿನ್‌ಗೆ ಬೇಕಾದ ಶಕ್ತಿ ಬರಲಿಲ್ಲ; 2008ರಲ್ಲಿ ಅದನ್ನು ತೇಜಸ್‌ನಿಂದ ಬೇರ್ಪಡಿಸಿದರು. ಟರ್ಬೈನಿನ ಎಲೆಗಳಿಗೆ ಬಡಿಯುವ ಅನಿಲ ಆ ಲೋಹ ಕರಗುವ ಬಿಸಿಗಿಂತಲೂ ಬಿಸಿ. ಎಲೆಯೊಳಗೆ ಕೂದಲೆಳೆಯಂಥ ದಾರಿಗಳಲ್ಲಿ ಗಾಳಿ ಹಾಯಿಸಿ ಅದನ್ನು ಉಳಿಸಬೇಕು. ಈ ವಿದ್ಯೆಯನ್ನು ಯಾರೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. 2021ರಲ್ಲಿ ಆರ್ಡರ್ ಮಾಡಿದ 99 ಎಂಜಿನ್‌ಗಳಲ್ಲಿ ಮೊದಲನೆಯದು ಬಂದದ್ದು 2025ರ ಮಾರ್ಚ್‌ನಲ್ಲಿ. ಪರಾವಲಂಬನೆ ಅಂದರೆ ಏನು ಎಂದು ನನಗೆ ಅರ್ಥವಾದದ್ದು ಆ ಕಾಯುವಿಕೆಯಲ್ಲಿ. ಕಾವೇರಿಗೆ ಇನ್ನೂ ಹೆಚ್ಚು ಹಣ, ಹೆಚ್ಚು ಜನ ಕೊಡಬೇಕಿತ್ತು.

ಪ್ರಶ್ನೆ: ಮಗ ಐಟಿಐ ಫಿಟ್ಟರ್ ಮುಗಿಸಿದ್ದಾನೆ. ಇಂಥ ಕೆಲಸಕ್ಕೆ ಎಂಜಿನಿಯರುಗಳೇ ಬೇಕೇನಕ್ಕಾ?
– ಗುಬ್ಬಿಯ ತಾಯಿಯೊಬ್ಬರು

ಉತ್ತರ: ಇಲ್ಲಮ್ಮ. ನನ್ನ ಶಾಪ್‌ನಲ್ಲಿ ಹೆಚ್ಚಿನವರು ಐಟಿಐ ಓದಿದವರೇ. ಎಚ್‌ಎಎಲ್ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತದೆ, ಪ್ರಕಟಣೆ ನೋಡುತ್ತಿರಲಿ. ಬೆಂಗಳೂರಿನ ಜೊತೆಗೆ ನಾಸಿಕ್‌ನಲ್ಲೂ ಈಗ ತೇಜಸ್ ತಯಾರಾಗುತ್ತಿದೆ. ಯಲಹಂಕದಲ್ಲಿ ಏರೋ ಇಂಡಿಯಾ ನಡೆದಾಗ ಒಮ್ಮೆ ಕರೆದುಕೊಂಡು ಬನ್ನಿ. ನೆಲದ ಮೇಲೆ ನಿಂತ ವಿಮಾನದ ಹತ್ತಿರ ಹೋಗಿ, ರೆಕ್ಕೆ ದೇಹಕ್ಕೆ ಸೇರುವ ಸಂದನ್ನು ಅವನು ನಿಧಾನವಾಗಿ ನೋಡಲಿ.