ಪೀಠಿಕೆಯನ್ನು ಯಾರು ಓದಬೇಕು?

ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ನಮ್ಮ ಬಡಾವಣೆಯಲ್ಲಿ ಪ್ರತಿವರ್ಷ ಗಣರಾಜ್ಯೋತ್ಸವ ಮಾಡುತ್ತೇವೆ. ಧ್ವಜಾರೋಹಣ, ಸಂವಿಧಾನ ಪೀಠಿಕೆಯ ಓದು, ಎರಡು ಭಾಷಣ, ಸಿಹಿ ಹಂಚಿಕೆ. ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಈ ಸಲ ಪೀಠಿಕೆಯನ್ನು ಕನ್ನಡದ ಜೊತೆಗೆ ತುಳು, ಉರ್ದು, ಕೊಂಕಣಿ, ಲಂಬಾಣಿಯಲ್ಲೂ ಓದಿಸೋಣ ಎಂದು ಹುಡುಗರು ಹಟ ಹಿಡಿದಿದ್ದಾರೆ. ಅಂಥ ದಿನ ಒಗ್ಗಟ್ಟು ಕಾಣಬೇಕು, ಮನೆಮನೆಯ ಭಾಷೆ ಯಾಕೆ ಎನ್ನುತ್ತಾರೆ ಹಿರಿಯರು. ನನ್ನ ಪ್ರಶ್ನೆ ಬೇರೆ. ವರ್ಷಕ್ಕೊಮ್ಮೆ ಗಿಳಿಪಾಠ ಒಪ್ಪಿಸುವುದರಿಂದ ಏನು ಬಂತು?" ಪತ್ರದ ಜೊತೆ ಕಳೆದ ವರ್ಷದ ಆಮಂತ್ರಣ ಪತ್ರಿಕೆಯನ್ನೂ ಇಟ್ಟಿದ್ದಾರೆ.

ಮೇಷ್ಟ್ರೇ, ಹುಡುಗರ ಮಾತು ನಡೆಯಲಿ. ಸಂವಿಧಾನ ಜಾರಿಗೆ ಬಂದಾಗಲೇ ಅದರ ಎಂಟನೇ ಅನುಸೂಚಿಯಲ್ಲಿ, ಅಂದರೆ ಅದು ಮಾನ್ಯ ಮಾಡಿದ ಭಾಷೆಗಳ ಪಟ್ಟಿಯಲ್ಲಿ, 14 ಭಾಷೆಗಳಿದ್ದವು, ಇವತ್ತು 22 ಇವೆ. ತುಳು, ಲಂಬಾಣಿ ಇನ್ನೂ ಅದರೊಳಗೆ ಬಂದಿಲ್ಲ. ಆದರೆ ತಮ್ಮ ಭಾಷೆ, ಲಿಪಿ, ಸಂಸ್ಕೃತಿಯನ್ನು ಉಳಿಸಿಕೊಳ್ಳುವ ಹಕ್ಕು ಕೊಡುವ 29ನೇ ವಿಧಿ ಅನುಸೂಚಿಯ ಪಟ್ಟಿ ನೋಡಿ ಮಾತಾಡುವುದಿಲ್ಲ. ಮೊದಲು ಎಲ್ಲರೂ ಸೇರಿ ಕನ್ನಡದಲ್ಲಿ ಓದಿ. ಆಮೇಲೆ ಒಂದೊಂದು ಮನೆಯವರು ತಮ್ಮ ಮಾತಿನಲ್ಲಿ ಒಂದೊಂದು ಸಾಲು ಓದಲಿ. ಮನೆಯಲ್ಲಿ ಆಡುವ ಮಾತಿಗೆ ಆ ಸಾಲನ್ನು ತರಬೇಕಾದರೆ ಅರ್ಥವನ್ನು ನಾಲ್ಕು ಜನರ ಹತ್ತಿರ ಕೇಳಿಯೇ ತರಬೇಕು. ಗಿಳಿಪಾಠದ ಬಗ್ಗೆ ನಿಮಗಿರುವ ಬೇಸರಕ್ಕೂ ಅದೇ ಮದ್ದು.

ಆ ಓದಿನಲ್ಲಿ ಒಂದು ಪದದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ: ಭ್ರಾತೃತ್ವ. 1946ರ ಡಿಸೆಂಬರ್ 13ರಂದು ನೆಹರೂ ಸಂವಿಧಾನ ಸಭೆಯಲ್ಲಿ ಮಂಡಿಸಿದ ಧ್ಯೇಯಗಳ ನಿರ್ಣಯದಲ್ಲಿ ನ್ಯಾಯ, ಸ್ವಾತಂತ್ರ್ಯ, ಸಮಾನತೆ ಇದ್ದವು, ಈ ಪದ ಇರಲಿಲ್ಲ. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಅದನ್ನು ಸೇರಿಸಿತು. ಕರಡನ್ನು ಒಪ್ಪಿಸಿದ್ದು 1948ರ ಫೆಬ್ರುವರಿ 21ರಂದು. ಸೋದರಭಾವದ ಅಗತ್ಯ ಹಿಂದೆಂದೂ ಇಷ್ಟಿರಲಿಲ್ಲ ಎಂಬ ಅರ್ಥದ ಮಾತನ್ನು ಅಂಬೇಡ್ಕರ್ ಅದರ ಜೊತೆಗಿನ ಪತ್ರದಲ್ಲಿ ಬರೆದರು. ಗಾಂಧೀಜಿಯ ಹತ್ಯೆಯಾಗಿ ಆಗ ಮೂರು ವಾರವಷ್ಟೇ ಕಳೆದಿತ್ತು. ದೇಶವಿಭಜನೆಯ ನಿರಾಶ್ರಿತರು ಇನ್ನೂ ಶಿಬಿರಗಳಲ್ಲಿದ್ದರು. ಆ ಪದವನ್ನು ಓದುವಾಗಲೆಲ್ಲ ನನಗೆ ಈ ತಾರೀಖು ನೆನಪಾಗುತ್ತದೆ. ಹಿಂದಿ ಪಾಠದಲ್ಲಿ ಅದು 'ಬಂಧುತಾ'. ನನಗಂತೂ ಬಂಧುತ್ವ ಎನ್ನುವುದೇ ಹೆಚ್ಚು ಇಷ್ಟ, ಅದರಲ್ಲಿ ಅಕ್ಕತಂಗಿಯರಿಗೂ ಜಾಗವಿದೆ.

ಈಗ ನಿಮ್ಮ ಆಮಂತ್ರಣ ಪತ್ರಿಕೆಗೆ ಬರುತ್ತೇನೆ. ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿ, ಸ್ವಾಗತ, ವಂದನಾರ್ಪಣೆ ಎಲ್ಲ ಸೇರಿ ಎಂಟು ಹೆಸರುಗಳಿವೆ, ಎಂಟೂ ಗಂಡಸರವು. ಕೆಳಗೆ ಸಣ್ಣ ಅಕ್ಷರದಲ್ಲಿ "ರಂಗೋಲಿ ಮತ್ತು ಉಪಾಹಾರ: ಬಡಾವಣೆಯ ಮಹಿಳೆಯರು" ಎಂದಿದೆ. ಅದರ ಕೆಳಗೆ "ಪೌರಕಾರ್ಮಿಕರಿಗೆ ಸನ್ಮಾನ". ಅವರದೂ ಹೆಸರಿಲ್ಲ.

ಬೇಸರ ಮಾಡಿಕೊಳ್ಳಬೇಡಿ, ಇದು ನಿಮ್ಮೊಬ್ಬರ ಬಡಾವಣೆಯ ಕತೆಯಲ್ಲ. 1951-52ರ ಮೊದಲ ಮಹಾಚುನಾವಣೆಗೆ ಮತದಾರರ ಪಟ್ಟಿ ತಯಾರಿಸುವಾಗ ಉತ್ತರ ಭಾರತದ ಕೆಲವು ರಾಜ್ಯಗಳಲ್ಲಿ ಲಕ್ಷಾಂತರ ಹೆಂಗಸರು ಹೊರಗಿನವರಿಗೆ ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದೇ ಬರೆಸಿದರು. ಹೆಸರಿಲ್ಲದೆ ಮತವಿಲ್ಲ ಎಂದು ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟು ಹಿಡಿದರು. ಕೊನೆಗೆ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಹೆಸರು ಬರೆಸುವುದು ಎಷ್ಟು ದೊಡ್ಡ ಸಂಗತಿ ಎಂಬುದು ಗಣರಾಜ್ಯಕ್ಕೆ ಗೊತ್ತಾದದ್ದು ಹೀಗೆ. ಆಮಂತ್ರಣ ಪತ್ರಿಕೆಯಲ್ಲಿ ಎರಡು ಸಾಲು ಹೆಚ್ಚು ಅಚ್ಚು ಹಾಕಿಸುವುದು ನಿಮಗೆ ಕಷ್ಟವಾಗಲಾರದು.

ಸನ್ಮಾನದ ಬಗ್ಗೆಯೂ ಒಂದು ಮಾತು. ಹಿಂದೊಮ್ಮೆ ಇಂಥದೇ ಸಮಾರಂಭಕ್ಕೆ ನಾನು ಅತಿಥಿಯಾಗಿ ಹೋಗಿದ್ದೆ. ಬೀದಿ ಗುಡಿಸುವ ಹೆಂಗಸೊಬ್ಬರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆಸಿದೆವು. ಅವರು ಮೈಕಿನ ಕಡೆ ಒಂದು ಸಲ ನೋಡಿ, ಯಾರೂ ಕರೆಯದ್ದರಿಂದ ಮೆಟ್ಟಿಲಿಳಿದು ಹೋದರು. ಅವರಾದ ಮೇಲೆ ನಾನು ಸಮಾನತೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದೆ. ಅವರಿಗೆ ಹೇಳಲು ಏನಿತ್ತೋ, ನಾವ್ಯಾರೂ ಕೇಳಲಿಲ್ಲ. ಆ ಸಂಕಟ ಇವತ್ತಿಗೂ ಹೋಗಿಲ್ಲ.

2024ರ ಸೆಪ್ಟೆಂಬರ್ 15ರಂದು, ಪ್ರಜಾಪ್ರಭುತ್ವ ದಿನಕ್ಕೆ, ಬೀದರ್‌ನಿಂದ ಚಾಮರಾಜನಗರದವರೆಗೆ ಸುಮಾರು 2,500 ಕಿ.ಮೀ. ಉದ್ದದ ಮಾನವ ಸರಪಳಿ ಮಾಡಿದ್ದು ನಿಮಗೆ ನೆನಪಿರಬಹುದು. ಅಲ್ಲಿ ಪಕ್ಕದಲ್ಲಿ ನಿಂತ ಅಪರಿಚಿತರ ಕೈ ಹಿಡಿಯುವುದು ಹೇಗೋ ಆಗುತ್ತದೆ. ಬಡಾವಣೆಯಲ್ಲಿ ಹಾಗಲ್ಲ. ಯಾರ ಜಾತಿ ಯಾವುದು, ಯಾರದು ಸ್ವಂತ ಮನೆ, ಯಾರದು ಬಾಡಿಗೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲ ಎಲ್ಲರಿಗೂ ಗೊತ್ತು. ಹಾಗಾಗಿ ನಿಮ್ಮ ಮುಕ್ಕಾಲು ಗಂಟೆಯ ಸಭೆಯೇ ಹೆಚ್ಚು ಕಷ್ಟದ್ದು, ಅದಕ್ಕೇ ಅದು ನಿಲ್ಲಬಾರದು. ಈ ಸಲ ಒಂದು ಭಾಷಣ ಕಡಿಮೆ ಮಾಡಿ. ಪೀಠಿಕೆಯ ಮೊದಲ ಸಾಲನ್ನು ನಿಮ್ಮ ಬೀದಿ ಗುಡಿಸುವವರು ಓದಲಿ. ಓದಲು ಬಾರದಿದ್ದರೆ ಯಾರಾದರೂ ಹೇಳಿಕೊಡಲಿ, ಅವರು ಹೇಳಲಿ, ಉಳಿದವರು ಅವರ ಹಿಂದೆ ಹೇಳಲಿ. "ನಾವು" ಎಂದು ಹೇಳುವ ಸಾಲು ತಾನೇ ಅದು.

ಹೊಸ ಆಮಂತ್ರಣ ಪತ್ರಿಕೆ ಅಚ್ಚಾದ ಮೇಲೆ ನಮಗೂ ಒಂದು ಪ್ರತಿ ಕಳಿಸಿಕೊಡಿ.

– ಸಂಪಾದಕ